ತೊಲೆಯನ್ನು ತೂಕಕ್ಕೆ ಮಾರುವ ಮುನ್ನ

ರೋಣ, ನರಗುಂದ ಕಡೆ ಹಳೆಯ ಮಾಳಿಗೆ ಮನೆ ಕೆಡವಿದರೆ ಮಣ್ಣು ಹೊಲಕ್ಕೆ ಹೋಗುತ್ತದೆ, ಕಲ್ಲು ಹೊಸ ಮನೆಯ ಪಾಯಕ್ಕೆ ಹೋಗುತ್ತದೆ, ಕಟ್ಟಿಗೆ ಮಾತ್ರ ತೂಕಕ್ಕೆ ಹೋಗುತ್ತದೆ. ಒಂದು ಟಂಟಂ ಗಾಡಿ ಬಂದು ನಿಲ್ಲುತ್ತದೆ. ಕಂಬ, ತೊಲೆ, ಜಂತಿ, ಬೋದಿಗೆ ಎಲ್ಲವನ್ನೂ ಒಟ್ಟಿಗೆ ನೋಡಿ ಕ್ವಿಂಟಲ್ ಲೆಕ್ಕದಲ್ಲಿ ದರ ಹೇಳುತ್ತಾರೆ. ಅದರೊಳಗೆ ಒಳ್ಳೆಯ ಸಾಗವಾನಿ ಇದ್ದರೆ ಆಮೇಲೆ ಅವರೇ ಬೇರೆ ತೆಗೆದಿಟ್ಟುಕೊಳ್ಳುತ್ತಾರೆ. ಉಳಿದದ್ದು ಇಟ್ಟಿಗೆ ಭಟ್ಟಿಗೋ, ಹೋಟೆಲ್ ಒಲೆಗೋ ಸೇರುತ್ತದೆ.

ನಮ್ಮ ಮನೆಯ ಕಟ್ಟಿಗೆಯೂ ಅದೇ ದಾರಿ ಹಿಡಿಯುವುದರಲ್ಲಿತ್ತು. ಅದು ಉಳಿದು, ಈಗ ನಮ್ಮ ಅಂಗಡಿಯಲ್ಲಿ ಗ್ರೈಂಡರ್ ಹೊತ್ತುಕೊಂಡು ನಿಂತಿದೆ. ಹೇಗೆ ಮಾಡಿದೆವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇವೆ. ಹಳೆ ಮನೆ ಕೆಡವಲು ಹೊರಟವರು ನಮ್ಮ ಮೂರೂ ತಾಲ್ಲೂಕುಗಳಲ್ಲಿ ಇನ್ನೂ ಬಹಳ ಜನ ಇದ್ದಾರೆ.

ನಮ್ಮೂರು ಹೊಳೆಆಲೂರು ಕಡೆ, ಮಲಪ್ರಭೆಯ ದಂಡೆಗೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಮಳೆ ಈ ಭಾಗದವರಿಗೆ ಮರೆಯುವಂಥದ್ದಲ್ಲ. ಆಗ ಬಿದ್ದ ಮನೆಗಳಿಗೆ ಬದಲಾಗಿ ಬಂದವೇ ಆಸರೆ ಮನೆಗಳು. ಅದಾಗಿ ಹತ್ತು ವರ್ಷಕ್ಕೆ, 2019ರ ಆಗಸ್ಟ್‌ನಲ್ಲಿ, ಸವದತ್ತಿ ಹತ್ತಿರದ ನವಿಲುತೀರ್ಥ ಜಲಾಶಯದಿಂದ ನೀರು ಬಿಟ್ಟಾಗ ಕೊಣ್ಣೂರು, ಲಖಮಾಪುರ, ಹೊಳೆಆಲೂರು ಕಡೆಯೆಲ್ಲ ಹೊಳೆ ಮತ್ತೆ ಮೇಲೆದ್ದು ಬಂತು. 2009ರಲ್ಲಿ ತಡೆದುಕೊಂಡಿದ್ದ ನಮ್ಮ ಮನೆ ಈ ಸಲ ತಡೆಯಲಿಲ್ಲ. ಹಿಂದಿನ ಗೋಡೆ ಕುಸಿಯಿತು, ಪಡಸಾಲೆಯ ಒಂದು ಮಗ್ಗುಲು ಜಗ್ಗಿತು.

ನೀರು ಇಳಿದ ಮೇಲೆ ಹೋಗಿ ನೋಡಿದವರಿಗೆಲ್ಲ ಒಂದು ವಿಷಯ ಕಂಡಿರುತ್ತದೆ. ಗೋಡೆ ಕರಗಿ ಕೂತಿದ್ದರೂ ಕಂಬಗಳು ನಿಂತೇ ಇದ್ದವು, ಅವುಗಳ ಮೇಲೆ ತೊಲೆ ಇದ್ದಲ್ಲೇ ಇತ್ತು. ನಮ್ಮ ಕಡೆಯ ಮಾಳಿಗೆ ಮನೆಯಲ್ಲಿ ಮೇಲಿನ ಮಣ್ಣಿನ ಭಾರವನ್ನು ಬಹುಮಟ್ಟಿಗೆ ಹೊರುವುದು ಕಟ್ಟಿಗೆ. ಕಂಬದ ಬುಡಕ್ಕೆ ಕಲ್ಲು ಇಟ್ಟಿರುತ್ತಾರೆ, ನೆಲದ ಹಸಿ ಕಟ್ಟಿಗೆಗೆ ಏರಬಾರದು ಅಂತ. ಕಂಬದ ತಲೆಗೆ ಬೋದಿಗೆ, ಬೋದಿಗೆ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತಿ, ಅದರ ಮೇಲೆ ಚಿಕ್ಕ ಕಟ್ಟಿಗೆ, ತಪ್ಪಲು, ಆಮೇಲೆ ಮಣ್ಣು. ಎರಡು ಕಂಬದ ನಡುವಿನ ಜಾಗವೇ ಒಂದು ಅಂಕಣ. ಮನೆ ಎಷ್ಟು ದೊಡ್ಡದು ಎಂದು ಕೇಳಿದರೆ ಹಿರಿಯರು ಇಂದಿಗೂ ಅಂಕಣದ ಲೆಕ್ಕದಲ್ಲೇ ಹೇಳುತ್ತಾರೆ. ಈ ಇಡೀ ಚೌಕಟ್ಟಿನಲ್ಲಿ ಮೊಳೆಯ ಕೆಲಸ ಬಹಳ ಕಡಿಮೆ. ಒಂದರ ಮೇಲೊಂದು ಕೂರಿಸಿ, ಕಚ್ಚಿಸಿ ನಿಲ್ಲಿಸಿದ್ದು. ಹಾಗೆ ಕಟ್ಟಿದ್ದನ್ನು ಹಾಗೆಯೇ ಬಿಚ್ಚಲೂ ಬರುತ್ತದೆ.

ಬಿಚ್ಚಿದ ಕಟ್ಟಿಗೆ ಕೆಲವು ವರ್ಷ ಹಿತ್ತಲಲ್ಲಿ ತಗಡಿನ ಕೆಳಗೆ ಬಿದ್ದಿತ್ತು. ಹೊಸ ಮನೆಗೆ ಸ್ಲ್ಯಾಬ್ ಬಂತು, ತೊಲೆಯ ಕೆಲಸ ಇರಲಿಲ್ಲ.

ಅಷ್ಟರಲ್ಲಿ ನಾವು ಅಣ್ಣ ತಮ್ಮಂದಿರು ಸೇರಿ ರೋಣದಲ್ಲಿ ಒಂದು ಚಿಕ್ಕ ಶೆಡ್ ಹಿಡಿದೆವು. ಕುಂಟೆಯ ಕುಡ, ಕುಡಗೋಲು, ಕೊಡಲಿ, ಕುರ್ಚಗಿ ಹದ ಮಾಡಿಕೊಡುವುದು, ಸಣ್ಣಪುಟ್ಟ ರಿಪೇರಿ ಮಾಡುವುದು ನಮ್ಮ ಕೆಲಸ. ನರಗುಂದದಲ್ಲಿ ಅಂಗಡಿ ಮುಚ್ಚಿದ ಒಬ್ಬರಿಂದ ಎಂಟು ಇಂಚಿನ ಬೆಂಚ್ ಗ್ರೈಂಡರ್ ಕೊಂಡೆವು. ಮೋಟರ್ ಗಟ್ಟಿ ಇತ್ತು, ಸ್ಟ್ಯಾಂಡ್ ಇರಲಿಲ್ಲ.

ಸ್ಟ್ಯಾಂಡ್ ಅಂದರೆ ಏನು ಮಹಾ, ಮೇಜಿನ ಮೇಲೆ ಇಟ್ಟರಾಯಿತು ಎನ್ನುವವರಿದ್ದಾರೆ. ಮಷೀನು ಚಾಲೂ ಮಾಡಿದರೆ ಗೊತ್ತಾಗುತ್ತದೆ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಬದಲಾಗುವಂಥದ್ದು. ಇಂಥ ಗ್ರೈಂಡರಿನ ಮೋಟರ್ ಅದಕ್ಕಿಂತ ತುಸು ಕಡಿಮೆ ವೇಗದಲ್ಲಿ, ನಿಮಿಷಕ್ಕೆ ಸುಮಾರು 2800 ಸುತ್ತು ತಿರುಗುತ್ತದೆ. ಸಾಣೆಕಲ್ಲು ಒಂದು ಮಗ್ಗುಲಿಗೆ ಕೂದಲೆಳೆಯಷ್ಟು ಭಾರ ಹೆಚ್ಚಿದ್ದರೂ ಅದು ಸೆಕೆಂಡಿಗೆ ನಲವತ್ತಾರು ನಲವತ್ತೇಳು ಸಲ ಸ್ಟ್ಯಾಂಡನ್ನು ಒದೆಯುತ್ತದೆ. ಸ್ಟ್ಯಾಂಡ್ ಹಗುರವಾಗಿದ್ದರೆ ಅದು ಕುಣಿಯುತ್ತದೆ, ಕೈಯಲ್ಲಿರುವ ಕುಡ ಕುಣಿಯುತ್ತದೆ, ಹರಿತ ಅಂಕುಡೊಂಕಾಗುತ್ತದೆ. ಅದಕ್ಕಿಂತ ದೊಡ್ಡ ಮಾತು ಎಂದರೆ ಬೆರಳು ಕಲ್ಲಿಗೆ ಎರಡೇ ಇಂಚು ದೂರದಲ್ಲಿ ಇರುತ್ತದೆ.

ಹುಬ್ಬಳ್ಳಿಯಲ್ಲಿ ರೆಡಿ ಸ್ಟ್ಯಾಂಡ್ ನೋಡಿದೆವು. ಕೈಗೆಟುಕುವ ದರದವು ತೆಳು ಆ್ಯಂಗಲ್‌ನವು, ಬೆರಳಿಂದ ತಟ್ಟಿದರೆ ಗಂಟೆಯಂತೆ ಗುಂಯ್ ಎನ್ನುತ್ತಿದ್ದವು. ತಟ್ಟಿದರೆ ಹಾಗೆ ಹಾಡುವ ಕಬ್ಬಿಣ ಅದುರನ್ನು ನುಂಗುವುದಿಲ್ಲ, ಹಿಡಿದಿಟ್ಟುಕೊಂಡು ಗುಂಯ್‌ಗುಡುತ್ತದೆ. ದೊಡ್ಡ ಮಷೀನುಗಳ ಬುಡವನ್ನು ಬೀಡುಕಬ್ಬಿಣದಲ್ಲಿ ಎರಕ ಹೊಯ್ಯುವುದು ಅದಕ್ಕೇ. ಬೀಡು ಭಾರವೂ ಹೌದು, ಅದುರನ್ನು ನುಂಗುವಂಥದ್ದೂ ಹೌದು. ಅಂಥದ್ದಕ್ಕೆ ಹೇಳಿದ ದರ ನಾವು ಗ್ರೈಂಡರಿಗೆ ಕೊಟ್ಟದ್ದಕ್ಕಿಂತ ಹೆಚ್ಚಿತ್ತು. ಶೆಡ್ಡಿನ ಬಾಡಿಗೆ ಆಗಲೇ ಶುರುವಾಗಿತ್ತು. ಮೃಗಶಿರ ಮಳೆ ಬಿದ್ದು ಹೆಸರು ಬಿತ್ತಿದರೆ ಕೆಲವೇ ದಿನಕ್ಕೆ ಎಡೆ ಹೊಡೆಯಲು ಶುರು. ನಮ್ಮಂಥ ಅಂಗಡಿಗೆ ಕುಡ ಬರುವುದೇ ಆಗ. ಆ ಹೊತ್ತಿಗೆ ಮಷೀನು ನಿಂತಿರದಿದ್ದರೆ ಜನ ಬೇರೆ ಅಂಗಡಿಗೆ ಹೋಗುತ್ತಾರೆ, ಒಮ್ಮೆ ಹೋದವರು ಮತ್ತೆ ಬರುವುದು ಕಷ್ಟ.

ಇದೇ ವಾರದಲ್ಲಿ ನಮ್ಮ ಹಿತ್ತಲಿನ ಕಟ್ಟಿಗೆ ಕೇಳಿಕೊಂಡು ಟಂಟಂ ಬಂತು. ದರ ಮಾತಾಡುವಾಗ ನಮ್ಮೂರ ಬಡಿಗೇರ ಅಜ್ಜ ಅಲ್ಲೇ ಕಟ್ಟೆಯ ಮೇಲೆ ಕೂತಿದ್ದರು. ಸುಮ್ಮನೆ ಎದ್ದು ಬಂದರು, ಒಂದು ತೊಲೆಯ ಮೇಲಿನ ಧೂಳು ಒರೆಸಿದರು, ಉಗುರಿನಿಂದ ಗೀರಿ ನೋಡಿದರು.

“ತಮ್ಮಾ, ಇದನ್ನ ಸುಡಾಕ ಕೊಡ್ತೀರೇನು? ನಿಮ್ಮ ಮಷೀನಿಗೆ ಕಾಲ ಬೇಕು ಅಂದ್ರೆಲ್ಲ, ಕಾಲ ಇಲ್ಲೇ ಬಿದ್ದಾವ ನೋಡ್ರಿ.”

ಟಂಟಂ ಖಾಲಿ ಹೋಯಿತು.

ಅಜ್ಜ ಹೇಳಿದ ಮೊದಲ ಪಾಠ ಒಣಗಿದ ಕಟ್ಟಿಗೆಯದು. ಹೊಸದಾಗಿ ಕೊಯ್ದ ಮರದಲ್ಲಿ ನೀರು ಇರುತ್ತದೆ. ಅದು ಆರುತ್ತಾ ಕುಗ್ಗುತ್ತದೆ, ಸೊಟ್ಟಾಗುತ್ತದೆ, ಸೀಳುತ್ತದೆ. ಹೊಸ ಮರದಲ್ಲಿ ಇಂದು ಬಿಗಿಯಾಗಿ ಮಾಡಿದ ಜೋಡಣೆ ಬೇಸಿಗೆ ಕಳೆಯುವುದರಲ್ಲಿ ಸಡಿಲ. ಮನೆಯಲ್ಲಿ ತಲೆಮಾರುಗಟ್ಟಲೆ ಇದ್ದ ತೊಲೆ ಕುಗ್ಗುವುದನ್ನೆಲ್ಲ ಕುಗ್ಗಿ ಮುಗಿಸಿದೆ, ಸೀಳುವುದನ್ನೆಲ್ಲ ಸೀಳಿ ತೋರಿಸಿದೆ. ಅದರ ಗುಣ, ದೋಷ ಎರಡೂ ಕಣ್ಣಿಗೆ ಕಾಣುತ್ತವೆ.

ಎರಡನೆಯದು ಆರಿಸುವ ಪಾಠ. ಗೋಡೆಯೊಳಗೆ ಹೂತಿದ್ದ ತುದಿಗಳು ಮೊದಲು ಕೊಳೆಯುತ್ತವೆ, ಅವನ್ನು ಒಂದೊಂದು ಮೊಳ ಕೊಯ್ದು ತೆಗೆಯಬೇಕು. ಉಳಿದ ಭಾಗವನ್ನು ಸುತ್ತಿಗೆಯ ಹಿಂಬದಿಯಿಂದ ತಟ್ಟುತ್ತಾ ಹೋಗಬೇಕು. ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತದೆ, ಗೆದ್ದಲು ತಿಂದಲ್ಲಿ ಡಬ್ ಎನ್ನುತ್ತದೆ. ಅನುಮಾನ ಇದ್ದಲ್ಲಿ ಸ್ಕ್ರೂಡ್ರೈವರ್ ಚುಚ್ಚಬೇಕು. ಸುಲಭವಾಗಿ ಒಳಗಿಳಿದರೆ ಆ ತುಂಡು ಒಲೆಗೇ. ನಮ್ಮ ಹಿತ್ತಲಿನದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಸಾಯಿತು. ಅಡುಗೆಮನೆಯ ಮೇಲಿದ್ದ ಜಂತಿಗಳು ಹೊಗೆ ಹಿಡಿದು ಕರ್ರಗಾಗಿದ್ದವು. ಅಂಥವನ್ನು ಹುಳ ಮುಟ್ಟಿರುವುದಿಲ್ಲ ಎಂದು ಅಜ್ಜ ಕಣ್ಣು ಮುಚ್ಚಿ ಹೇಳಿದರು. ಕೊಯ್ದು ನೋಡಿದಾಗಲೂ ಹಾಗೇ ಇತ್ತು.

ಮೂರನೆಯದು ಮೊಳೆ. ಕ್ಯಾಲೆಂಡರ್, ಹಗ್ಗ, ಲಾಟೀನು ಎಂದು ಪ್ರತಿ ತಲೆಮಾರೂ ತೊಲೆಗೆ ಮೊಳೆ ಹೊಡೆದಿರುತ್ತದೆ. ತಲೆ ಮುರಿದು ಒಳಗೇ ಉಳಿದ ಮೊಳೆಗೆ ಗರಗಸ ತಗುಲಿದರೆ ಗರಗಸವೂ ಹಾಳು, ಹಾರುವ ಚೂರು ಕಣ್ಣಿಗೂ ಅಪಾಯ. ಕೆಟ್ಟ ಸ್ಪೀಕರಿನ ಹಿಂದಿನ ಅಯಸ್ಕಾಂತಕ್ಕೆ ದಾರ ಕಟ್ಟಿ ತೊಲೆಯುದ್ದಕ್ಕೂ ಎಳೆದೆವು. ಅದು ಎಲ್ಲಿ ಅಂಟಿತೋ ಅಲ್ಲಿ ಸುಣ್ಣದಿಂದ ಗುರುತು. ಒಂದೇ ತೊಲೆಯಿಂದ ಹನ್ನೊಂದು ಮೊಳೆ ಕಿತ್ತೆವು.

ಕೊಯ್ಯುವ ಮುಂಚೆ ಅವ್ವ ಒಂದು ಮಾತು ಕೇಳಿದಳು.

“ಹೊಸ್ತಲಾ ಮುಟ್ಟಬ್ಯಾಡ್ರಿ. ದೇವರ ಮನಿ ಕಂಬಾನೂ ಬಿಡ್ರಿ. ಉಳದದ್ದು ನೀವು ದುಡಕೊಂಡ ತಿನ್ನಾಕ ಬೇಕಂದ್ರ ಕೊಯ್ಕೋರಿ. ಸುಡೋದಕ್ಕಿಂತ ಅದು ಚೊಲೋ.”

ದಿನಾ ಅರಿಸಿನ ಕುಂಕುಮ ಹಚ್ಚಿದ ಹೊಸ್ತಿಲನ್ನು ಕಬ್ಬಿಣದ ಕೆಳಗೆ ಹಾಕುವುದು ನಮಗೂ ಬೇಕಿರಲಿಲ್ಲ. ಹೊಸ್ತಿಲು ಹೊಸ ಮನೆಯ ಬಾಗಿಲಿಗೆ ಹೋಯಿತು. ದೇವರ ಮನೆಯ ಕಂಬ ಹಾಗೇ ಇದೆ. ಹಳೆ ಕಟ್ಟಿಗೆ ಬಳಸುವವರು ಮನೆಯ ಹೆಣ್ಣುಮಕ್ಕಳನ್ನು ಮೊದಲು ಕೇಳುವುದು ಒಳ್ಳೆಯದು. ಯಾವ ತುಂಡಿಗೆ ಯಾವ ಲೆಕ್ಕ ಇದೆ ಎಂಬುದು ಅವರಿಗೆ ಗೊತ್ತಿರುತ್ತದೆ.

ಜೋಡಣೆ ಹೇಗೆ ಮಾಡುವುದು ಎಂಬುದರ ಮೇಲೆ ನಮ್ಮಲ್ಲೇ ವಾದ ಇತ್ತು. ಬೋಲ್ಟ್ ಹಾಕಿ ಬಿಗಿಯೋಣ ಎಂದು ಒಬ್ಬರು, ಮೊಳೆ ಸಾಕು ಎಂದು ಒಬ್ಬರು. ಇದಕ್ಕೆ ಉತ್ತರ ಸಿಕ್ಕಿದ್ದು ಗಜೇಂದ್ರಗಡದಲ್ಲಿ. ಅವ್ವನ ತವರು ಅದೇ ಊರು. ಪಟ್ಟೇದ ಅಂಚಿನ ಸೀರೆಗೆ ಹೆಸರಾದ ಊರದು, ಕೈಮಗ್ಗ ಇನ್ನೂ ಸದ್ದು ಮಾಡುತ್ತವೆ. ತವರಿನ ಓಣಿಯಲ್ಲಿ ಮಗ್ಗ ನೇಯುವ ಒಬ್ಬ ಹಿರಿಯರನ್ನು ನಾವು ಚಿಕ್ಕಂದಿನಿಂದ ಮಾವ ಎಂದೇ ಕರೆಯುತ್ತೇವೆ. ಒಂದು ಕೆಲಸದ ಮೇಲೆ ಅಲ್ಲಿಗೆ ಹೋದಾಗ ಅವರ ಮಗ್ಗದ ಪಕ್ಕ ಕೂತು ನೋಡಿದೆವು. ಲಾಳಿ ಒಮ್ಮೆ ಓಡಿದರೆ ಹಣಿಗೆ ಒಮ್ಮೆ ಬಡಿಯುತ್ತದೆ. ದಿನಕ್ಕೆ ಎಷ್ಟು ಸಾವಿರ ಪೆಟ್ಟೋ ಲೆಕ್ಕವಿಲ್ಲ. ಆದರೂ ಕಟ್ಟಿಗೆಯ ಆ ಚೌಕಟ್ಟು ಅಲ್ಲಾಡುತ್ತಿರಲಿಲ್ಲ.

“ಮಗ್ಗಕ್ಕ ಮೊಳಿ ಹೊಡ್ಯಾಂಗಿಲ್ರಪಾ,” ಅಂದರು ಮಾವ. “ಪೆಟ್ಟ ತಿಂದ ತಿಂದ ಮೊಳಿ ತನ್ನ ತೂತ ತಾನ ದೊಡ್ಡದ ಮಾಡಕೋತೈತಿ. ಆಮ್ಯಾಲ ಬಿಗಿ ಮಾಡಾಕ ಬರಾಂಗಿಲ್ಲ. ಬೆಣಿ ಇತ್ತಂದ್ರ ಸಡಲ ಆದಾಗ ಒಂದ ಪೆಟ್ಟ ಹಾಕಿದ್ರ ಆತು.”

ಬಡಿಗೇರ ಅಜ್ಜನಿಗೆ ಇದನ್ನು ಹೇಳಿದಾಗ ಅವರು ನಕ್ಕರು. ಚಕ್ಕಡಿ, ಕೂರಿಗೆ ಮಾಡುತ್ತಾ ಇಡೀ ಆಯುಷ್ಯ ಬೆಣೆ ಬಡಿದವರು ಅವರು.

ಕೆಲಸ ಹೀಗೆ ನಡೆಯಿತು. ಮೊದಲು ಎತ್ತರ. ನಮ್ಮಲ್ಲಿ ಹೆಚ್ಚು ಹೊತ್ತು ಮಷೀನಿನ ಮುಂದೆ ನಿಲ್ಲುವವರ ಮೊಣಕೈ ನೆಲದಿಂದ 41 ಇಂಚು. ಗ್ರೈಂಡರಿನ ಬುಡದಿಂದ ಕಲ್ಲಿನ ನಡುವಿಗೆ 6 ಇಂಚು. ಸ್ಟ್ಯಾಂಡ್ 34 ಇಂಚು ಇಟ್ಟರೆ ಕಲ್ಲಿನ ನಡು ಮೊಣಕೈಗಿಂತ ಒಂದು ಇಂಚು ಕೆಳಗೆ ಬರುತ್ತದೆ. ಬೆನ್ನು ಬಗ್ಗುವುದಿಲ್ಲ, ಭುಜ ಎತ್ತಬೇಕಾಗುವುದಿಲ್ಲ. ನೀವು ಮಾಡುವಾಗ ನಿಮ್ಮ ಮೊಣಕೈ ಅಳೆದುಕೊಳ್ಳಿ, ನಮ್ಮ ಅಳತೆ ನಿಮಗೆ ಕೂಡದಿರಬಹುದು.

ಬೇವಿನ ತೊಲೆಯಿಂದ 4 ಇಂಚು ಚೌಕದ ನಾಲ್ಕು ಕಾಲು ತೆಗೆದೆವು. ಮೇಲಿನ ಹಲಗೆ ಸಾಗವಾನಿ, 3 ಇಂಚು ದಪ್ಪ, 2 ಅಡಿ ಉದ್ದ, ಒಂದೂವರೆ ಅಡಿ ಅಗಲ. ಒಂದೇ ತುಂಡು ಅಷ್ಟು ಅಗಲ ಸಿಗದೆ ಎರಡನ್ನು ಕೂಡಿಸಬೇಕಾಯಿತು. ಕಾಲುಗಳು ಮೇಲೆ ಹತ್ತಿರ, ಕೆಳಗೆ ದೂರ. ನಿಂತ ಎತ್ತಿನ ಕಾಲಿನಂತೆ ತುಸು ಅಗಲಿಸಿ ನಿಂತರೆ ಮಷೀನು ಯಾವ ಕಡೆಗೂ ವಾಲುವುದಿಲ್ಲ. ಕಾಲಿಂದ ಕಾಲಿಗೆ ನೆಲದಿಂದ 8 ಇಂಚು ಮೇಲೆ ಅಡ್ಡಪಟ್ಟಿ. ಅಡ್ಡಪಟ್ಟಿಯ ತುದಿಯನ್ನು ನಾಲಿಗೆಯಂತೆ ತೆಳ್ಳಗೆ ಕೆತ್ತಿ, ಕಾಲಿನಲ್ಲಿ ಅದಕ್ಕೆ ಸರಿಯಾದ ತೂತು ಕೊರೆದು, ಆಚೆ ಬದಿಗೆ ನಾಲಿಗೆ ಎರಡು ಇಂಚು ಹೊರಬರುವಂತೆ ಮಾಡಿದೆವು. ಹೊರಬಂದ ನಾಲಿಗೆಯಲ್ಲಿ ಮತ್ತೊಂದು ಸಣ್ಣ ತೂತು, ಅದಕ್ಕೆ ಬೆಣೆ. ಬೆಣೆಗೆ ಮಾತ್ರ ಜಾಲಿಯೇ ಆಗಬೇಕು ಎಂದರು ಅಜ್ಜ. ನಮ್ಮ ಮುರಿದ ಚಕ್ಕಡಿಯ ಗಾಲಿಯ ಅರಗಳು ಜಾಲಿಯವೇ ಆಗಿದ್ದವು. ಒಂದೇ ಅರದಿಂದ ಬೇಕಾದಷ್ಟು ಬೆಣೆ ಸಿಕ್ಕವು.

ಅಡ್ಡಪಟ್ಟಿಗಳ ಮೇಲೆ ಹಲಗೆ ಹಾಸಿ ಅದರ ಮೇಲೆ ಹಳೆ ಮನೆಯ ಬೀಸುಕಲ್ಲಿನ ಎರಡೂ ಹೋಳು ಇಟ್ಟೆವು. ಭಾರ ಕೆಳಗಿದ್ದಷ್ಟೂ ಸ್ಟ್ಯಾಂಡ್ ಕದಲುವುದಿಲ್ಲ. ಬೀಸುಕಲ್ಲು ಇಲ್ಲದವರು ಮರಳಿನ ಚೀಲ ಇಡಬಹುದು.

ಬೆಣೆಯ ಬೆಲೆ ತಿಳಿಯಲು ನಮ್ಮ ನೆಲವನ್ನೂ ನೆನೆಯಬೇಕು. ನಮ್ಮದು ಎರೆ ಭೂಮಿ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಶೆಡ್ಡಿನ ಪರಸಿ ನೆಲವೂ ಅದರ ಜೊತೆ ಏಳುತ್ತದೆ, ಇಳಿಯುತ್ತದೆ. ಬೇಸಿಗೆಯಲ್ಲಿ ನಾಲ್ಕೂ ಕಾಲು ಊರಿ ನಿಂತದ್ದು ಮಳೆಗಾಲಕ್ಕೆ ಮೂರೇ ಕಾಲಿನ ಮೇಲೆ ನಿಲ್ಲುತ್ತದೆ. ವೆಲ್ಡಿಂಗ್ ಮಾಡಿದ ಸ್ಟ್ಯಾಂಡಿಗೆ ಕಾಲಡಿ ತಗಡಿನ ಚೂರು ತುರುಕುವುದೊಂದೇ ದಾರಿ. ನಮ್ಮದಕ್ಕೆ ಪ್ರತಿ ಕಾಲಿನ ಬುಡಕ್ಕೂ ಒಂದು ದಪ್ಪ ಬೋಲ್ಟ್ ಇದೆ. ಸ್ಪ್ಯಾನರ್‌ನಿಂದ ತಿರುಗಿಸಿ ಎತ್ತರ ಸರಿ ಮಾಡುತ್ತೇವೆ, ಸಡಿಲಾದ ಬೆಣೆಗೆ ಒಂದು ಪೆಟ್ಟು ಹಾಕುತ್ತೇವೆ. ಐದು ನಿಮಿಷದ ಕೆಲಸ.

ಕಟ್ಟಿಗೆಯ ಸ್ಟ್ಯಾಂಡ್ ಮಾಡುವವರು ಮರೆಯಬಾರದ್ದು ಕಿಡಿ. ಗ್ರೈಂಡರ್ ಕೆಳಕ್ಕೆ ಕಿಡಿ ಕಾರುತ್ತದೆ. ಮೇಲಿನ ಹಲಗೆಗೂ ಕಿಡಿ ಬೀಳುವ ಮುಂಭಾಗಕ್ಕೂ ತಗಡು ಹೊದಿಸಿದ್ದೇವೆ. ಕಟ್ಟಿಗೆ ಹೊಟ್ಟು, ಎಣ್ಣೆ ಅರಿವೆ ಅದರ ಹತ್ತಿರ ಇಡುವುದಿಲ್ಲ. ಕಟ್ಟಿಗೆಗೆ ಅಗಸಿ ಎಣ್ಣೆ ಒರೆಸಿದ್ದೆವು. ಅಗಸಿ ಎಣ್ಣೆ ಹೀರಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತನ್ನಷ್ಟಕ್ಕೇ ಕಾವೇರಿ ಹೊತ್ತಿಕೊಳ್ಳಬಹುದು. ಅದನ್ನು ಬಯಲಲ್ಲಿ ಹರವಿ ಒಣಗಿಸಬೇಕು.

ಸ್ಟ್ಯಾಂಡ್ ಎಷ್ಟೇ ಗಟ್ಟಿ ಇದ್ದರೂ ಕಲ್ಲು ಗಟ್ಟಿ ಇರಬೇಕು. ಹೊಸ ಸಾಣೆಕಲ್ಲು ಹಾಕುವ ಮುಂಚೆ ಅದರ ತೂತಿಗೆ ಬೆರಳು ಸೇರಿಸಿ ಎತ್ತಿ ಹಿಡಿದು ಕಟ್ಟಿಗೆಯ ಹಿಡಿಕೆಯಿಂದ ಮೆಲ್ಲಗೆ ತಟ್ಟಿ. ಟಣ್ ಎಂದು ಸ್ಪಷ್ಟ ದನಿ ಬಂದರೆ ಸರಿ, ಮಂದ ದನಿ ಬಂದರೆ ಒಳಗೆ ಬಿರುಕಿದೆ, ಹಾಕಬೇಡಿ. ಕಲ್ಲಿಗೂ ಮುಂದಿನ ಆಸರೆಪಟ್ಟಿಗೂ ನಡುವೆ 3 ಮಿಲಿಮೀಟರಿಗಿಂತ ಹೆಚ್ಚು ಸಂದು ಇರಬಾರದು, ಇದ್ದರೆ ಕುಡ ಒಳಕ್ಕೆ ಸಿಕ್ಕಿಕೊಂಡು ಕೈಯನ್ನೂ ಎಳೆಯುತ್ತದೆ. ಕಣ್ಣಿಗೆ ಕನ್ನಡಕ ಬೇಕೇ ಬೇಕು. ಅರ್ಥಿಂಗ್ ಇಲ್ಲದ ಪ್ಲಗ್ಗಿಗೆ ಚುಚ್ಚಬೇಡಿ.

ಮೃಗಶಿರ ಮಳೆಗೆ ನಾಲ್ಕು ದಿನ ಮುಂಚೆ ಕೆಲಸ ಮುಗಿಯಿತು. ಮಷೀನು ಚಾಲೂ ಮಾಡಿ ಅಜ್ಜ ಹಲಗೆಯ ಮೇಲೆ ಒಂದು ಲೋಟ ನೀರು ಇಟ್ಟರು. ನೀರಿನ ಮೇಲೆ ಸಣ್ಣ ಅಲೆ ಇತ್ತು, ಒಂದು ಹನಿಯೂ ಹೊರಗೆ ಚೆಲ್ಲಲಿಲ್ಲ. ಆ ಹಂಗಾಮಿನಲ್ಲಿ ಬಂದ ಕುಡಗಳು ನಮ್ಮ ಶೆಡ್ಡಿನ ಬಾಡಿಗೆ ಕಟ್ಟಿ ಕೈಯಲ್ಲಿ ತುಸು ಉಳಿಸಿದವು. ಹಿಂಗಾರಿಗೆ ಕಡಲೆ, ಜೋಳದ ಬಿತ್ತಿಗೆ ಬರುವ ಹೊತ್ತಿಗೆ ನಮ್ಮ ಅಂಗಡಿಯ ಗುರುತು ಹತ್ತೂರಿಗೆ ಆಗಿತ್ತು.

ನಮಗೆ ಆದ ಖರ್ಚು ಸಾ ಮಿಲ್ಲಿನಲ್ಲಿ ಕೊಯ್ಸಿದ್ದು, ಬೋಲ್ಟ್, ತಗಡು, ಎಣ್ಣೆ, ಮತ್ತೆ ಅಜ್ಜನ ಆರು ದಿನದ ಪಗಾರ. ಅಜ್ಜ ಪಗಾರ ಬೇಡ ಎಂದರು, ನಾವು ಬಿಡಲಿಲ್ಲ. ಹಿಂದೆ ಬಡಿಗೇರರಿಗೆ ಸುಗ್ಗಿಯಲ್ಲಿ ಕಣದಿಂದ ಆಯ ಕೊಡುತ್ತಿದ್ದರು. ವರ್ಷವಿಡೀ ಕೂರಿಗೆ, ಕುಂಟೆ, ಚಕ್ಕಡಿ ನೋಡಿಕೊಂಡದ್ದಕ್ಕೆ ಕಾಳು. ಟ್ರ್ಯಾಕ್ಟರ್ ಬಂದು ಆ ಲೆಕ್ಕ ಮುಗಿಯಿತು. ಅವರ ಮಕ್ಕಳು ಗೋವಾದಲ್ಲಿ ಪ್ಲೈವುಡ್ ಕೆಲಸ ಮಾಡುತ್ತಾರೆ. ಆ ಆರು ದಿನದಲ್ಲಿ ನಾವು ಉಳಿ ಹಿಡಿಯುವುದನ್ನು ಕಲಿತೆವು. ಅವರು ಹೇಳದಿದ್ದರೆ ಆ ಜ್ಞಾನ ಕೇಳಲು ನಮಗೆ ಬೇರೆ ಮನೆ ಇರಲಿಲ್ಲ.

ಹೊಳೆಯ ದಂಡೆಯ ಊರುಗಳಲ್ಲಿ ಇನ್ನೂ ಎಷ್ಟೋ ಹಳೆ ಮನೆಗಳು ಅರ್ಧ ಬಿದ್ದು ನಿಂತಿವೆ. ಅವುಗಳ ಮಾಳಿಗೆ ಸೋರಬಹುದು, ಗೋಡೆ ಜರಿಯಬಹುದು, ಒಳಗಿನ ಕಟ್ಟಿಗೆಗೆ ಇನ್ನೂ ದುಡಿಯುವ ಶಕ್ತಿ ಇರುತ್ತದೆ. ಮಷೀನಿನ ಸ್ಟ್ಯಾಂಡೇ ಆಗಬೇಕಿಲ್ಲ. ಹೊಲಿಗೆ ಯಂತ್ರಕ್ಕೆ ಮೇಜು, ಗಿರಣಿಯ ಮೋಟರಿಗೆ ಮಣೆ, ಶಾಲೆಗೆ ಬೆಂಚು ಏನೂ ಆಗಬಹುದು. ಟಂಟಂ ಕರೆಯುವ ಮುಂಚೆ ನಿಮ್ಮೂರಿನ ಬಡಿಗೇರರನ್ನು ಒಮ್ಮೆ ಕರೆಯಿರಿ. ಒಂದು ಕಪ್ ಚಹಾ ಕೊಟ್ಟು, ತೊಲೆಗಳನ್ನು ತಟ್ಟಿ ನೋಡಲು ಹೇಳಿ. ಸುಡಬೇಕಾದದ್ದನ್ನು ಅವರೇ ಬೇರೆ ಮಾಡಿ ಕೊಡುತ್ತಾರೆ.

ನಮ್ಮ ಹಿತ್ತಲಲ್ಲಿ ಇನ್ನೂ ಎರಡು ತೊಲೆ, ಒಂದು ಕಂಬ ಉಳಿದಿವೆ. ಮುಂದಿನ ವರ್ಷ ಡ್ರಿಲ್ ಮಷೀನು ಕೊಳ್ಳುವ ವಿಚಾರವಿದೆ. ಅದರ ಕಾಲುಗಳಿಗೆ ಗುರುತು ಹಾಕಿ ಇಟ್ಟಿದ್ದೇವೆ.